ಮುಖ ಹೋಯಿತು, ಸ್ವರ ಉಳಿಯಿತು

ಈ ವರ್ಷದ ಕ್ಷಮಾವಣಿಗೆ ನಾನು ಯಾರಿಗೂ ಫೋನು ಮಾಡುವುದಿಲ್ಲ ಎಂದು ಘೋಷಿಸಿಬಿಟ್ಟೆ! ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಜೈನರು ಬಂಧುಬಳಗದವರನ್ನೆಲ್ಲ ಹುಡುಕಿ ಹುಡುಕಿ, "ಅರಿತೋ ಅರಿಯದೆಯೋ ಮಾಡಿದ ತಪ್ಪನ್ನು ಕ್ಷಮಿಸಿ" ಎಂದು ಕೇಳಿಕೊಳ್ಳುವುದು ಪದ್ಧತಿ. ಆ ಒಂದು ದಿನ ಮೂಡುಬಿದಿರೆಯ ನಮ್ಮ ಮನೆಯಲ್ಲಿ ಕೂತು ಫೋನು ಮಾಡಿ ಮಾಡಿ ನನ್ನ ಕಿವಿ ದೋಸೆಕಾವಲಿಯಾಗುತ್ತದೆ. ಈ ಸಲ ಹಳೆ ಕಂಪ್ಯೂಟರಿಗೆ ವೆಬ್‌ಕ್ಯಾಮ್ ಸಿಕ್ಕಿಸಿ, ಅದನ್ನೇ ಸ್ಟ್ರೀಮಿಂಗ್ ಸರ್ವರ್ ಮಾಡಿ, ಎಲ್ಲರಿಗೂ ಲಿಂಕ್ ಕಳಿಸಿದೆ. ಸಕಲ ಬಂಧುಗಳಿಗೆ ಒಂದೇ ಏಟಿಗೆ ಸಾಮೂಹಿಕ ಕ್ಷಮಾಯಾಚನೆ! ತಡವಾಗಿ ಬಂದವರಿಗೆ ರೆಕಾರ್ಡಿಂಗ್ ತನ್ನಷ್ಟಕ್ಕೆ ಓಡುವ ವ್ಯವಸ್ಥೆ ಬೇರೆ!

"ಅಣ್ಣನಿಗಾದ್ರೂ ಒಂದು ಫೋನು ಮಾಡಿ" ಎಂದಳು ಹೆಂಡತಿ ಕಮಲಾವತಿ.

ಅಣ್ಣ ಎಂದರೆ ಗುರುವಾಯನಕೆರೆಯ ನನ್ನ ಭಾವ ಜಯವರ್ಮ. ನಮ್ಮ ಮನೆ ಒಕ್ಕಲಿನ ದಿನ ಪಾಯಸಕ್ಕೆ ಬೆಲ್ಲ ಜಾಸ್ತಿ ಎಂದರು. ನಾನೂ ಏನೋ ಅಂದೆ. ಅಂದಿನಿಂದ ಅವರು ನಮ್ಮ ಹೊಸ್ತಿಲು ತುಳಿದವರಲ್ಲ. ಕಮಲಾ ಕಾಡಿ ಬೇಡಿ, ಈ ಸಲ ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಎನ್ನಿಸಿದ್ದಳು. ಬೆಳಗ್ಗೆಯಿಂದ ಗುನುಗುತ್ತಾ ಹೆಸರುಬೇಳೆ ಪಾಯಸ ಮಾಡುತ್ತಿದ್ದಳು.

"ಬೇರೆ ಫೋನು ಯಾಕೆ ಮಾರಾಯ್ತಿ? ಎಲ್ಲರ ಒಟ್ಟಿಗೆ ಅವರಿಗೂ ಆಗ್ತದೆ!"

ಬಿಳಿ ಅಂಗಿ ತೊಟ್ಟೆ. ಹಣೆಗೆ ಗಂಧ ಹಚ್ಚಿದೆ. ಕೈಮುಗಿದು, ಸ್ವರವನ್ನು ಬೇಕಾದಷ್ಟು ನಡುಗಿಸಿ, "ಮನಸಾ ವಾಚಾ ಕರ್ಮಣಾ" ಎಂದೆ. ನನಗೇ ಕಣ್ಣು ಒದ್ದೆಯಾಯಿತು! ಮುಗಿಸಿ ಕೆಂಪು ಬಟನ್ ಒತ್ತಿದೆ. ಪರದೆ ಕಪ್ಪಾಯಿತು.

"ಮುಗೀತು! ಇನ್ನೊಂದು ವರ್ಷ ಚಿಂತೆ ಇಲ್ಲ" ಎಂದು ಕಾಲು ಚಾಚಿದೆ. "ನಿನ್ನ ಅಣ್ಣನ ಹತ್ರ ನಾನು ಬೇರೆಯೇ ಕೇಳ್ಬೇಕಂತೆ! ಪಾಯಸಕ್ಕೆ ಬೆಲ್ಲ ಜಾಸ್ತಿ ಅಂತ ಹೇಳಿ ಮೂರು ಸಲ ಹಾಕಿಸ್ಕೊಂಡ ಜನ! ಸತ್ಯ ಹೇಳ್ತೇನೆ, ಅವರು ಇಷ್ಟು ದಿನ ಬಾರದೆ ಇದ್ದದ್ದೇ ಈ ಮನೆಗೆ ಶಾಂತಿ!"

"ಸ್ವಲ್ಪ ಮೆಲ್ಲಗೆ..."

"ಯಾರು ಕೇಳ್ತಾರೆ? ಆಫ್ ಉಂಟು!"

ಫೋನು ಬಡಿದುಕೊಂಡಿತು. ಭಾವನ ಮಗಳು ತ್ರಿಶಾ.

"ಮಾಮ, ನಿಮ್ಮ ಮುಖ ಹೋಗಿದೆ. ಸ್ವರ ಬರ್ತಾ ಉಂಟು."

ನಾನು ನಿಲ್ಲಿಸಿದ್ದು ವೀಡಿಯೋ ಮಾತ್ರ! ಆಡಿಯೋಗೆ ಪಕ್ಕದಲ್ಲೇ ಬೇರೆ ಬಟನ್ ಇತ್ತು.

"ಅಪ್ಪ... ಅಪ್ಪ ಎಲ್ಲಿದ್ದಾರೆ?"

"ಇಲ್ಲೇ ಇದ್ರು, ನಿಮ್ಮಲ್ಲಿಗೆ ಹೊರಟು. ಪಾಯಸದ್ದು ಕೇಳಿದ್ರು. ಶಾಂತಿದೂ ಕೇಳಿದ್ರು. ಈಗ ಎದ್ದು ಹೊರಗೆ ಹೋದ್ರು."

ನಡುಗುವ ಕೈಯಲ್ಲಿ ಆಡಿಯೋ ನಿಲ್ಲಿಸಿದೆ. ಈ ಸಲದ ನಡುಕ ಮಾತ್ರ ಅಸಲಿ! ರೆಕಾರ್ಡಿಂಗನ್ನು ಅಳಿಸಿದೆ. ಆದರೆ ವೀಡಿಯೋ ನಿಂತ ಕೂಡಲೇ ಆ ಪುಣ್ಯಾತ್ಮ ಸರ್ವರು ಬರೀ ಸ್ವರಕ್ಕೆಂದು ಬೇರೆ ಫೈಲು ತೆರೆದಿತ್ತು. ನಾನು ಅಳಿಸಿದ್ದು ಮೊದಲನೆಯದನ್ನು. ಬಿಳಿ ಅಂಗಿ, ಗಂಧ, ಒದ್ದೆ ಕಣ್ಣು, ಕ್ಷಮೆ ಎಲ್ಲ ಮಾಯ! ಉಳಿದದ್ದು ಬೈಗುಳ. ತಡವಾಗಿ ಬಂದವರಿಗೆ ಅದು ತನ್ನಷ್ಟಕ್ಕೆ ಓಡತೊಡಗಿತು.

ಬಂಟ್ವಾಳದ ಸಾಧನಾ ಚಿಕ್ಕಮ್ಮನ ಫೋನು ಬಂತು. "ಮಗಾ, ಪಾಯಸದ್ದು ಎರಡು ಸಲ ಬಂತು. ಕ್ಷಮೆ ಯಾವಾಗ ಬರ್ತದೆ?"

ಗೋಡೆಯಿಂದ ಪ್ಲಗ್ಗನ್ನೇ ಕಿತ್ತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ಹಿರಿಯರು. ನನ್ನ ಮಾತು ಎಲ್ಲಿ ಹೋಯಿತು ಮಾರಾಯರೇ? ಊರೂರು ಸುತ್ತಿ ಅಲ್ಲೇ ಕೂತಿತ್ತು!

ಕಮಲಾ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗ್ಯಾಸ್ ಆರಿಸಿ, ಪಾಯಸಕ್ಕೆ ಮುಚ್ಚಳ ಹಾಕಿ, "ಅಣ್ಣ ಇನ್ನು ಬರುದಿಲ್ಲ" ಎಂದು ಅಡುಗೆಮನೆಯಲ್ಲೇ ಕೂತಳು. ಅವಳ ಮುಖ ನೋಡಲು ನಾಚಿಕೆಯಾಗಿ ನಾನು ಹೊರಗಿನ ಮೆಟ್ಟಿಲಲ್ಲಿ ಕೂತೆ. ಭಾವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎಲ್ಲರಿಗೂ ಫೋನು ಮಾಡಿದ ವರ್ಷಗಳಲ್ಲೂ ಒಬ್ಬರಿಗೆ ಅಷ್ಟು ಸಲ ಮಾಡಿರಲಿಲ್ಲ.

ಊಟದ ಹೊತ್ತಿಗೆ ಗೇಟಿನ ಹತ್ತಿರ ಕಾರು ನಿಂತಿತು. ಇಳಿದವರು ಭಾವ! ಬಾಯಿಪಾಠದ ಒಂದು ಪದವೂ ನೆನಪಾಗಲಿಲ್ಲ.

"ಭಾವ, ತಪ್ಪಾಯ್ತು" ಎಂದೆ. ಅಷ್ಟೇ.

"ನೋಡಿ ಭಾವ" ಎಂದರು ಅವರು ಚಪ್ಪಲಿ ಬಿಡುತ್ತಾ. "ಪ್ರತಿ ವರ್ಷ 'ಅರಿತೋ ಅರಿಯದೆಯೋ' ಅಂತ ಹೇಳ್ತಿದ್ರಿ. ಯಾವ ತಪ್ಪು ಅಂತ ಗೊತ್ತಿಲ್ಲದೆ ಕ್ಷಮಿಸುದು ಹೇಗೆ? ಈ ಸಲ ವಿವರ ಸಮೇತ ಬಂತು. ಕ್ಷಮಿಸಿದ್ದೇನೆ."

ನಾನು ಉಸಿರು ಬಿಡುವಷ್ಟರಲ್ಲಿ ಅವರು ಒಳಗೆ ಹೋಗಿ ವೆಬ್‌ಕ್ಯಾಮಿನ ಎದುರು ಕೂತಾಗಿತ್ತು.

"ಪ್ಲಗ್ ಹಾಕಿ. ನಿಮ್ಮ ಬಗ್ಗೆ ನಾನು ನಮ್ಮ ಮನೆಯಲ್ಲಿ ಹೇಳಿದ್ದಕ್ಕೆಲ್ಲ ಕ್ಷಮೆ ಕೇಳ್ಬೇಕು. ಒಂದೂ ಬಿಡದೆ ಹೇಳ್ತೇನೆ."

ಕಮಲಾ ಕಣ್ಣೊರೆಸಿಕೊಂಡು ಬಂದು ಎರಡೂ ಬಟನ್ ತಾನೇ ಒತ್ತಿದಳು.

"ನಿಧಾನಕ್ಕೆ ಹೇಳು ಅಣ್ಣ" ಎಂದಳು. "ಸರ್ವರಿನಲ್ಲಿ ಜಾಗ ತುಂಬ ಉಂಟು."