ಮೂಗಿನಲ್ಲೇ ಅಲ್ಸಾಸ್ ತೋರಿಸುವ ಭಾವ

ನೆದರ್‌ಲ್ಯಾಂಡ್ಸಿನ ಕನ್ನಡಿಗರಲ್ಲಿ ಬಿಳಿ ವೈನಿನ ವಿಷಯವನ್ನು ನಮ್ಮ ಭಾವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಜರ್ಮನಿಗೆ ಬೆನ್ನು ತಾಗಿಸಿಕೊಂಡು ಕುಳಿತಿರುವ ಅಲ್ಸಾಸ್ ಎಂಬ ಸೀಮೆಯ ಯಾವ ಗುಡ್ಡದಲ್ಲಿ ಯಾವ ದ್ರಾಕ್ಷಿ, ಯಾವ ನೆಲಮಾಳಿಗೆಯಲ್ಲಿ ಯಾವ ಪೀಪಾಯಿ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದೆ. ಕ್ಷಮಿಸಿ, ನಾಲಿಗೆ ಎಂದದ್ದು ತಪ್ಪು. ಮೂಗಿನ ತುದಿಯಲ್ಲಿದೆ. ಏಕೆಂದರೆ ಈ ಮಹಾನುಭಾವರು ಹುಟ್ಟಿದಾಗಿನಿಂದ ಒಂದು ತೊಟ್ಟು ವೈನನ್ನೂ ಗಂಟಲಿಗೆ ಇಳಿಸಿದವರಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿಯವರು. ವಾಗೆನಿಂಗನ್ನಿನ ಒಂದು ಪ್ರಯೋಗಶಾಲೆಯಲ್ಲಿ ಆಹಾರದ ವಾಸನೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದವರು. ಹಾಲು ಕೆಡುವ ಮೊದಲೇ ಅದು ಕೆಡಲಿದೆ ಎಂದು ಮೂಸಿ ಹೇಳುವುದು ಅವರ ಉದ್ಯೋಗ. ಕಚೇರಿಯಲ್ಲಿ ಮೂಸಿದ್ದು ಸಾಲದೆಂಬಂತೆ ಮನೆಗೆ ಬಂದ ಮೇಲೂ ಮೂಸುತ್ತಿದ್ದರು. ಅಂಗಡಿಯಲ್ಲಿ ಕೊತ್ತಂಬರಿ ಕಟ್ಟನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಂತರೆ ಹಿಂದೆ ಸರದಿಯೇ ಬೆಳೆಯುತ್ತಿತ್ತು. ಮಾಸ್ಟ್ರಿಕ್ಟಿನಲ್ಲಿ ಓದುವ ಅವರ ಮಗಳು ಇಂಥ ಹೊತ್ತಿನಲ್ಲಿ ಬೇರೆ ಯಾರದೋ ಮಗಳಂತೆ ಎರಡು ಹೆಜ್ಜೆ ದೂರ ಸರಿದು, “ಡೂ ನೊರ್ಮಾಲ್, ಪಪ್ಪ!” ಎನ್ನುತ್ತಿದ್ದಳು. ಮನುಷ್ಯರ ಹಾಗೆ ಇರು ಎಂದು ಡಚ್ಚರು ಹೇಳುವ ಪರಿ ಅದು. ಸ್ವಂತ ಮಗಳೇ ಹಾಗೆ ಹೇಳಬೇಕಾಗಿ ಬಂದರೆ ಪರಿಸ್ಥಿತಿ ಹೇಗಿರಬೇಡ!

ಅಲ್ಸಾಸಿನ ಹುಚ್ಚು ಹತ್ತಿದ್ದು ಸಹೋದ್ಯೋಗಿಗಳ ಜೊತೆ ಹೋದ ಒಂದು ಪ್ರವಾಸದಲ್ಲಿ. ಎಲ್ಲರೂ ಕುಡಿಯುತ್ತಿದ್ದಾಗ ಇವರು ಮರ್ಯಾದೆಗೆಂದು ಲೋಟವನ್ನು ಮೂಗಿನ ಹತ್ತಿರ ತಂದರಂತೆ. ಅಷ್ಟೇ. ಮನೆಗೆ ಮರಳಿದವರೇ ಅಕ್ಕನಿಗೆ, “ಒಂದು ಲೋಟದೊಳಗೆ ಗುಲ್ಕಂದ್ ಉಂಟು ಮಾರಾಯ್ತಿ, ಶುಂಠಿ ಉಂಟು, ಲಿಚ್ಚಿ ಹಣ್ಣು ಉಂಟು!” ಎಂದರು. “ಮತ್ತೆ ಸೀದಾ ಗುಲ್ಕಂದನ್ನೇ ತಿನ್ನಬಾರದಾ?” ಎಂದಳು ಅಕ್ಕ.

ಅಲ್ಲಿಂದ ಮುಂದೆ ಪ್ರತಿ ದ್ರಾಕ್ಷಿ ಸುಗ್ಗಿಗೂ ಪರಿಚಯದ ಕನ್ನಡಿಗರನ್ನು ಕಾರಿನಲ್ಲಿ ತುಂಬಿಕೊಂಡು ಅಲ್ಸಾಸಿಗೆ ಹೊರಡುವುದು ಅವರ ವ್ರತವಾಯಿತು. ಡೆಲ್ಫ್ಟಿನಲ್ಲಿ ಕೆಲಸ ಮಾಡುವ ನಾನು ಹೆಚ್ಚುವರಿ ಚಾಲಕ. ಕುಡಿಯದ ಗೈಡು ಸಿಕ್ಕಿದರೆ ಬೆಂಗಳೂರಿನ ಹುಡುಗರಿಗೆ ಆನಂದವೋ ಆನಂದ. ಗೈಡಿನ ಪಾಲೂ ತಮಗೇ ತಾನೇ! ಆದರೆ ನಿಯಮಗಳು ಕಠಿಣ. ಸೆಂಟು ಹಾಕಬಾರದು. ಪುದೀನ ಚೂಯಿಂಗ್ ಗಮ್ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಇಂಗು ಹಾಕಿದ ಯಾವ ಪದಾರ್ಥವೂ ಕಾರು ಹತ್ತಬಾರದು. ಒಮ್ಮೆ ಮೈಸೂರಿನ ಒಬ್ಬರು ಲುಕ್ಸೆಂಬರ್ಗ್ ದಾಟುವ ಮೊದಲೇ ಪುಳಿಯೋಗರೆಯ ಡಬ್ಬಿ ತೆರೆದರು. ಭಾವ ಕಾರನ್ನು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದರು.

“ಸಾರ್, ಹಸಿವಾಯ್ತು, ಅದಕ್ಕೆ ಓಪನ್ ಮಾಡ್ದೆ,” ಎಂದರು ಆ ಮನುಷ್ಯ.

“ತಿನ್ನಿ, ತಿನ್ನಿ. ಆದ್ರೆ ಕೆಳಗೆ ಇಳಿದು ತಿನ್ನಿ. ಈ ಇಂಗು ನನ್ನ ಮೂಗು ಹೊಕ್ಕಿದ್ರೆ ನಾಳೆ ಸಾಯಂಕಾಲದವರೆಗೆ ಎಲ್ಲ ವೈನೂ ಪುಳಿಯೋಗರೆಯೇ!”

ಅವರು ಆ ಚಳಿಗಾಳಿಯಲ್ಲಿ, ಲಾರಿಗಳ ನಡುವೆ ನಿಂತು ತಿಂದು ಮುಗಿಸಿದರು. ಭಾವ ತಾವೂ ಇಳಿದು, ಗಾಳಿ ಬೀಸುವ ಕಡೆ ನೋಡಿಕೊಂಡು, ಅವರಿಗೆ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದರು.

ಗೈಡಾಗಿ ಭಾವನ ಹೆಚ್ಚುಗಾರಿಕೆ ಇರುವುದು ಫ್ರಾನ್ಸನ್ನು ಕರ್ನಾಟಕಕ್ಕೆ ಎಳೆದು ತರುವುದರಲ್ಲಿ. “ಅಗೋ, ಆ ಪಶ್ಚಿಮದ ಬೆಟ್ಟ ಉಂಟಲ್ಲ, ಅದು ಇವರ ಘಟ್ಟ. ಮಳೆ ಎಲ್ಲ ಆಚೆಗೇ ಸುರಿದು ಮುಗೀತದೆ. ಹಾಗಾಗಿ ಈಚೆ ಬಿಸಿಲು. ಉಡುಪಿಯಲ್ಲಿ ಕೊಡೆ ಮುರಿಯುವಾಗ ಚಿತ್ರದುರ್ಗದಲ್ಲಿ ಹಪ್ಪಳ ಒಣಗಿಸುವುದಿಲ್ವಾ, ಹಾಗೆ.” ಈ ನಾಡು ಒಮ್ಮೆ ಜರ್ಮನಿಗೆ, ಒಮ್ಮೆ ಫ್ರಾನ್ಸಿಗೆ ಕೈಬದಲಾದ ಇತಿಹಾಸವನ್ನು ಅವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ನಮ್ಮ ಕಾಸರಗೋಡು ಮಾರಾಯ್ರೆ. ಮನೆಯಲ್ಲಿ ಆಡುವುದು ಒಂದು, ಬೋರ್ಡಿನಲ್ಲಿ ಬರೆಯುವುದು ಇನ್ನೊಂದು.”

ರೀಸ್ಲಿಂಗ್ ಎಂಬ ವೈನು ಹಳೆಯದಾದಂತೆ ಅದಕ್ಕೆ ಒಂದು ಬಗೆಯ ಪೆಟ್ರೋಲಿನ ಪರಿಮಳ ಬರುತ್ತದೆ. ಅದನ್ನು ಬಲ್ಲವರು ಮೆಚ್ಚುತ್ತಾರೆ. ಭಾವ ಲೋಟ ಎತ್ತಿ, “ಚಿಮಿಣೆಣ್ಣೆ! ಹಳೆ ಬತ್ತಿಯ ಒಲೆ, ಆಗಷ್ಟೇ ಆರಿಸಿದ್ದು!” ಎಂದು ಪರವಶರಾದರು.

“ಸಾರ್,” ಎಂದ ಬೆಂಗಳೂರಿನ ಒಬ್ಬ ಹುಡುಗ, “ಸೀಮೆಎಣ್ಣೆ ವಾಸ್ನೆ ನೋಡಕ್ಕೆ ಅಷ್ಟು ದೂರದಿಂದ ಬರ್ಬೇಕಿತ್ತಾ?” ಎಂದವನೇ ಲೋಟವನ್ನು ಒಂದೇ ಗುಟುಕಿಗೆ ಖಾಲಿ ಮಾಡಿದ. ಭಾವನ ಮುಖ ನೋಡಬೇಕಿತ್ತು. ವೀಣೆಯ ಮೇಲೆ ಯಾರೋ ಕುಳಿತಂತಿತ್ತು!

ಇಂಥವರನ್ನು ಫ್ರೆಂಚರು ಹೇಗೆ ಸಹಿಸಿಕೊಂಡರು ಎಂದು ನೀವು ಕೇಳಬಹುದು. ಮೊದಮೊದಲು ಸಹಿಸಲಿಲ್ಲ. ಒಂದು ಹಳ್ಳಿಯಲ್ಲಿ ತೋಟವನ್ನೂ ನೆಲಮಾಳಿಗೆಯನ್ನೂ ಒಬ್ಬರೇ ನಡೆಸುವ ವಯಸ್ಸಾದ ಮದಾಮ್ ಇದ್ದಾರೆ. ಭಾವ ಮೊದಲ ಸಲ ಅವರ ವೈನನ್ನು ಮನಸಾರೆ ಮೂಸಿ, ಹಾಗೆಯೇ, ರುಚಿ ನೋಡಿದವರು ಉಗುಳಲೆಂದು ಇಟ್ಟ ಪಾತ್ರೆಗೆ ಸುರಿದರು. ಮದಾಮ್ ಕೆಂಪಗಾದರು. ಚೆನ್ನಾಗಿಲ್ಲವೇ ಎಂದು ಕೇಳಿದರು. ಬಹಳ ಚೆನ್ನಾಗಿದೆ, ಅದಕ್ಕೇ ಮೂಸಿದೆ ಎಂದರು ಭಾವ. ಆಕೆ ಒಳಗೆ ಹೋಗಿ ಇನ್ನೊಂದು ಬಾಟಲಿ ತಂದು ಸುರಿದು, ಸೊಂಟದ ಮೇಲೆ ಕೈಯಿಟ್ಟು ನಿಂತರು. ಭಾವ ಮೂಸಿ, ಮುಖ ಸಣ್ಣದು ಮಾಡಿ, “ಇದರ ಬಿರಡೆ ಕೆಟ್ಟಿದೆ. ಒದ್ದೆ ಗೋಣಿಚೀಲದ ವಾಸನೆ,” ಎಂದರು. ಗೋಣಿಚೀಲಕ್ಕೆ ಇಂಗ್ಲಿಷಿನಲ್ಲಿ ಏನೆನ್ನುವುದೆಂದು ತೋಚದೆ ಅಭಿನಯ ಮಾಡಿ ತೋರಿಸಿದರು. ಮದಾಮ್ ತಾವೂ ಮೂಸಿದರು. ಮತ್ತೊಮ್ಮೆ ಮೂಸಿದರು. ಬಾಟಲಿಯನ್ನು ಮೋರಿಗೆ ಬಗ್ಗಿಸಿದರು. ಅಂದಿನಿಂದ ಭಾವನಿಗೆ ಆ ಮನೆಯಲ್ಲಿ ‘ಮೂಗಿನ ಮುಸ್ಯೂ’, ಅಂದರೆ ಮೂಗಿನ ಮಹಾಶಯ, ಎಂಬ ಬಿರುದು, ಕುಳಿತುಕೊಳ್ಳಲು ಗೋಡೆ ಬದಿಯ ಕುರ್ಚಿ.

ಅಕ್ಕ ಮಾತ್ರ ನೆಲಮಾಳಿಗೆಗೆ ಕಾಲಿಡುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತು, ಛಾವಣಿಯ ಮೇಲಿನ ಕೊಕ್ಕರೆ ಗೂಡನ್ನು ಫೋನಿನಲ್ಲಿ ಉಡುಪಿಯ ಅತ್ತೆಗೆ ತೋರಿಸುತ್ತಿದ್ದಳು. “ಕುಡಿಯುವ ಗಂಡನಾದ್ರೆ ಬೈದು ಬಿಡಿಸಬಹುದು. ಮೂಸುವವನಿಗೆ ಎಂತ ಮಾಡುದು?” ಎನ್ನುವುದು ಅವಳ ಅಳಲು.

ಕಳೆದ ಸುಗ್ಗಿಯಲ್ಲಿ ಹೊರಟಾಗ ಕಾರು ಹತ್ತಿದ್ದು ಬೆಂಗಳೂರಿನಿಂದ ಹೊಸದಾಗಿ ಬಂದ ಗಂಡ ಹೆಂಡತಿ. ಆ ಯುವಕ ಸೆಂಟಿನಲ್ಲೇ ಸ್ನಾನ ಮಾಡಿ ಬಂದಂತಿದ್ದ. ನಾನು ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕುಳಿತೆ, ಇನ್ನೇನು ಕಾರು ನಿಲ್ಲುತ್ತದೆ ಎಂದು. ನಿಲ್ಲಲಿಲ್ಲ. ಭಾವ ಹವಾಮಾನದ ಬಗ್ಗೆ ಮಾತಾಡಿದರು. ದಾರಿಯಲ್ಲಿ ಸಿಕ್ಕಿದ ಉದ್ದನೆಯ ಫೀಲೆ, ಅಂದರೆ ವಾಹನಗಳ ಸಾಲಿನ ಬಗ್ಗೆ ಮಾತಾಡಿದರು. ಸೆಂಟಿನ ಸುದ್ದಿಯೇ ಇಲ್ಲ!

ಅದಕ್ಕಿಂತ ದೊಡ್ಡ ಆಶ್ಚರ್ಯ ಮೊದಲ ಹಳ್ಳಿಯಲ್ಲಿ ಕಾದಿತ್ತು. ಅಕ್ಕ ಸೆರಗು ಬಿಗಿದುಕೊಂಡು ನಮ್ಮೊಡನೆ ನೆಲಮಾಳಿಗೆಗೆ ಇಳಿದಳು. ಭಾವನ ಪಕ್ಕದಲ್ಲೇ ನಿಂತಳು. ಲೋಟ ಬಂದಾಗ ಅವರಿಗಿಂತ ಮೊದಲು ತಾನೇ ಮೂಗಿಗೆ ಹಿಡಿದು, ಮೆಲ್ಲಗೆ, “ಕುಕ್ಕುದ ಕಮ್ಮೆನ,” ಎಂದು ಅವರ ಕೈಗೆ ಕೊಟ್ಟಳು. ತುಳು ನಮ್ಮ ಮನೆಮಾತು. ಮಾವಿನ ವಾಸನೆ ಎಂದು ಅದರ ಅರ್ಥ. ಬೆಂಗಳೂರಿನವರಿಗೆ ಅದು ಅರ್ಥವಾಗುವ ಸಂಭವವಿಲ್ಲ. ಭಾವ ಲೋಟವನ್ನು ತಿರುಗಿಸಿ, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, “ಮಾವು. ತೋತಾಪುರಿ, ಇನ್ನೂ ಪೂರ್ತಿ ಹಣ್ಣಾಗಿಲ್ಲ,” ಎಂದು ಎಂದಿನ ಗತ್ತಿನಲ್ಲಿ ಘೋಷಿಸಿದರು. ಆ ಯುವಕನ ಹೆಂಡತಿ ಚಪ್ಪಾಳೆ ತಟ್ಟಿದಳು.

ಹೊರಗೆ ಬಂದ ಮೇಲೆ ನಾನು ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದೆ, ಇದೇನು ನಾಟಕ ಎಂದು.

“ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ,” ಎಂದಳು. “ಜ್ವರ ಹೋಯ್ತು. ಮೂಗನ್ನೂ ತೆಗೆದುಕೊಂಡು ಹೋಯ್ತು. ಕಾಫಿಯ ವಾಸನೆಯೂ ಇಲ್ಲ, ಒಗ್ಗರಣೆಯದೂ ಇಲ್ಲ. ಡಾಕ್ಟ್ರು ಬರಬಹುದು ಅಂತಾರೆ, ಬಾರದೆಯೂ ಇರಬಹುದು. ಲ್ಯಾಬಿನಲ್ಲಿ ಈಗ ಬೇರೆ ಕೆಲಸ ಕೊಟ್ಟಿದ್ದಾರೆ.”

“ನನಗೆ ಯಾಕೆ ಹೇಳಲಿಲ್ಲ?”

“ಮಗಳಿಗೇ ಹೇಳಲಿಲ್ಲ ಅವರು. ಈ ಸಲ ಅಲ್ಸಾಸ್ ಬೇಡ ಅಂತ ಮಲಗಿಬಿಟ್ಟಿದ್ರು. ನಾನೇ ಎಬ್ಬಿಸಿದ್ದು. ನನ್ನ ಮೂಗು ಉಂಟಲ್ಲ, ಏಳಿ ಅಂದೆ.”

ಭಾವ ಅಷ್ಟು ದೂರದಲ್ಲಿ, ಆ ಸೆಂಟಿನ ಯುವಕನ ಹೆಗಲ ಮೇಲೆ ಕೈಹಾಕಿ ನಿಂತು, ಈ ಸೀಮೆಯ ಬಾಟಲಿಗಳು ಏಕೆ ಅಷ್ಟು ತೆಳ್ಳಗೆ, ಎತ್ತರಕ್ಕೆ ಇರುತ್ತವೆ ಎಂದು ವಿವರಿಸುತ್ತಿದ್ದರು.

ಸಂಜೆಗೆ ಮದಾಮ್ ಮನೆಗೆ ಹೋದೆವು. ಆಕೆ ಕೊನೆಯಲ್ಲಿ, ತಡವಾಗಿ ಕಿತ್ತ ದ್ರಾಕ್ಷಿಯಿಂದ ಮಾಡಿದ ಹೊಂಬಣ್ಣದ ಸಿಹಿ ವೈನು ತಂದರು. ಅಕ್ಕ ಮೂಸಿದಳು. ಮತ್ತೆ ಮೂಸಿದಳು. ಭಾವ ಕಾದರು. ಬೆಂಗಳೂರಿನವರು ಕಾದರು. ಮದಾಮ್ ಒಮ್ಮೆ ಅಕ್ಕನ ಮುಖವನ್ನೂ ಒಮ್ಮೆ ಭಾವನ ಮುಖವನ್ನೂ ನೋಡಿ, ಏನು ಅರ್ಥವಾಯಿತೋ, ಎದ್ದು ಒಂದು ಕುರ್ಚಿಯನ್ನು ಭಾವನ ಕುರ್ಚಿಯ ಪಕ್ಕಕ್ಕೆ ಎಳೆದಿಟ್ಟರು.

ಅಕ್ಕ ಕುಳಿತು, ತುಳುವಿನಲ್ಲಿ ಹೇಳತೊಡಗಿದಳು. ಈ ಸಲ ಒಂದೆರಡು ಶಬ್ದವಲ್ಲ. ಮದುವೆಯಾಗಿ ಈ ದೇಶಕ್ಕೆ ಬಂದ ಮೊದಲ ಚಳಿಗಾಲ, ಆ ಬೇಕರಿಯ ಮೇಲಿನ ಸಣ್ಣ ಕೋಣೆ. ಗೋಡೆ ತುಂಬ ಬೂಷ್ಟಿನ ವಾಸನೆ, ನನಗೆ ಅಳು. ನೀವು ಸೇಬಿನ ಸಿಪ್ಪೆ ಸುಲಿದು ಹೀಟರಿನ ಮೇಲೆ ಸಾಲಾಗಿ ಇಟ್ಟಿರಿ. ಕೆಳಗಿನಿಂದ ಬೆಣ್ಣೆಯ ಪರಿಮಳ ಏರುತ್ತಿತ್ತು, ಮೇಲೆ ಸಿಪ್ಪೆ ಬಾಡುತ್ತಿತ್ತು, ನೀವು ಅದರ ಮೇಲೆ ಚೂರು ಬೆಲ್ಲ ಉದುರಿಸಿ ಅಂಟಿಸಿಬಿಟ್ಟಿರಿ, ಮನೆ ಓನರು ಬಂದು ಬೈದ. ಅದು. ಸರಿಯಾಗಿ ಅದೇ.

ಭಾವ ಲೋಟವನ್ನು ಎತ್ತಲೇ ಇಲ್ಲ. ಮೇಜಿನ ಮೇಲೆ ಇಟ್ಟು ಕಣ್ಣು ಮುಚ್ಚಿಕೊಂಡಿದ್ದರು.

“ಸಾರ್, ಇದೇನ್ ವಾಸ್ನೆ ಅಂತ ಹೇಳ್ಲೇ ಇಲ್ಲ?” ಎಂದ ಆ ಯುವಕ.

ಭಾವ ಅವನ ಕಡೆ ತಿರುಗಲಿಲ್ಲ. ಅಕ್ಕನ ಕಡೆಗೆ ಸ್ವಲ್ಪ ವಾಲಿ, “ನನೊರ ಪಣ್ಲ,” ಎಂದರು. ಇನ್ನೊಮ್ಮೆ ಹೇಳು.

ಅಕ್ಕ ಮೊದಲಿನಿಂದ, ಒಂದನ್ನೂ ಬಿಡದೆ, ಮತ್ತೆ ಹೇಳಿದಳು.