ನಾಲ್ಕನೆಯ ಮರಿ

ಅಂಬರಗುಬ್ಬಿಯ ಮೂರು ಮರಿಗಳು ಹಾರಿಹೋಗಿದ್ದವು. ನಾಲ್ಕನೆಯದು ಮಾತ್ರ ಕ್ಷೌರದಂಗಡಿಯ ಟ್ಯೂಬ್‌ಲೈಟಿನ ಮೇಲಿನ ಗೂಡಿನಲ್ಲಿ, ಮಾವನ ಮನೆಗೆ ಬಂದ ಅಳಿಯನಂತೆ, ಏಳುವ ಲಕ್ಷಣವೇ ಇಲ್ಲದೆ ಕೂತಿತ್ತು.

ಕೆಳಗೆ ಕಿಸಾಕು ಕರಿ ಸೂಟು ತೊಟ್ಟು, ಹೆಂಡತಿಯ ಅಸ್ಥಿಯಿದ್ದ ಬಿಳಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ. ಮಿತ್ಸು ಸತ್ತು ಇಂದಿಗೆ ನಲವತ್ತೊಂಬತ್ತನೆಯ ದಿನ. ಪದ್ಧತಿಯಂತೆ ಎರಡು ಗಂಟೆಗೆ ಬೌದ್ಧ ಮಂದಿರದಲ್ಲಿ ಅವಳನ್ನು ಸಮಾಧಿಗೆ ಸೇರಿಸಬೇಕು.

ಆಸ್ಪತ್ರೆಯಲ್ಲಿ ಅವಳ ಕೊನೆಯ ಮಾತು ಗಂಡನ ಊಟದ ಬಗ್ಗೆ ಆಗಿರಲಿಲ್ಲ. "ಅಂಬರಗುಬ್ಬಿಗಳು ಕಡಲು ದಾಟಿ ನಮ್ಮನ್ನೇ ನಂಬ್ಕೊಂಡು ಬರ್ತಾವೆ. ಕೊನೇ ಮರಿ ಹಾರೋವರೆಗೂ ನೋಡ್ಕೊಳ್ಳಿ" ಅಂದಿದ್ದಳು. ಬೆಕ್ಕಿನ ಭಯಕ್ಕೆ ಸಂಜೆ ಷಟರ್ ಎಳೆಯಬೇಕು. ಹಕ್ಕಿಗಳು ಮೇವಿಗೆ ಹೊರಡಲು ಬೆಳಗಿನ ನಾಲ್ಕೂವರೆಗೆ ಎತ್ತಬೇಕು. ಒಂದೂವರೆ ತಿಂಗಳು ಹಾಗೆ ಎದ್ದೆದ್ದು, ಕಿಸಾಕು ಒಬ್ಬ ಗಿರಾಕಿಯ ಗಡ್ಡ ಬೋಳಿಸುವಾಗ ತೂಕಡಿಸಿ ಅವನ ಅರ್ಧ ಹುಬ್ಬನ್ನೂ ತೆಗೆದುಬಿಟ್ಟಿದ್ದ.

"ಷಟರ್ ಒಂದು ಗೇಣು ಬಿಟ್ಟು ಬನ್ನಿ ಕಿಸಾಕಣ್ಣ," ಎಂದ ಎದುರಿನ ಅಕ್ಕಿ ಅಂಗಡಿಯ ಗೊರೊಜಿ.

"ನಿಮ್ಮನೆ ಬೆಕ್ಕಿಗೆ ಅಷ್ಟೇ ಸಾಕು," ಎಂದಳು ಪಕ್ಕದ ತೋಫು ಅಂಗಡಿಯ ಇನೆ.

"ನಮ್ಮ ಬೆಕ್ಕು ಇಲಿ ಬಿಟ್ಟು ಬೇರೆ ಏನೂ ಮುಟ್ಟಲ್ಲ!"

"ಹೂಂ, ಅದಕ್ಕೇ ನಿಮ್ಮಂಗಡಿ ಇಲಿಗಳು ನಿಮಗಿಂತ ದಪ್ಪಗಿವೆ."

ಇಬ್ಬರೂ ಮಂದಿರಕ್ಕೆ ಹೊರಟವರೇ. ಮರಿಯನ್ನು ಕಾಯಲು ಯಾರೂ ಉಳಿಯುವಂತಿರಲಿಲ್ಲ. ಇನೆ ಕಡ್ಡಿಯ ತುದಿಗೆ ಹುಳ ಸಿಕ್ಕಿಸಿ ಬಾಗಿಲಲ್ಲಿ ಆಡಿಸಿದಳು. ಮರಿ ಆಕಳಿಸಿತು. ಗಾಳಿ ತಾಗಿದರೆ ರೆಕ್ಕೆ ಬಿಚ್ಚುತ್ತದೆಂದು ಗೊರೊಜಿ ಕೂದಲು ಒಣಗಿಸುವ ಯಂತ್ರವನ್ನು ಗೂಡಿಗೆ ಹಿಡಿದ. ಮರಿ ಹಾರಲಿಲ್ಲ, ಹಿಕ್ಕೆ ಹಾಕಿತು. ಅದು ಕಿಸಾಕುವಿನ ಕರಿ ಕೋಟಿನ ಹೆಗಲ ಮೇಲೆ ಬಿತ್ತು. ಇನೆ ಒದ್ದೆ ಬಟ್ಟೆಯಿಂದ ಉಜ್ಜಿದಳು. ಗುಂಡಿಯಷ್ಟಿದ್ದ ಕಲೆ ತಟ್ಟೆಯಷ್ಟಾಯಿತು.

ಫೋನು ಬಡಿದುಕೊಂಡಿತು. ಮಂದಿರದ ಗುರುಗಳಿಗೆ ನಾಲ್ಕಕ್ಕೆ ಇನ್ನೊಂದು ಮನೆಯ ಕಾರ್ಯವಿದೆಯಂತೆ, ತಡಮಾಡಬಾರದಂತೆ.

ಕಿಸಾಕು ಪೆಟ್ಟಿಗೆಯನ್ನು ಕ್ಷೌರದ ಕುರ್ಚಿಯಲ್ಲಿ ಇಳಿಸಿ ತಲೆಯೆತ್ತಿದ. "ನೋಡಪ್ಪ, ನನಗೂ ಇವಳನ್ನ ಕಳಿಸೋಕೆ ಮನಸ್ಸಿಲ್ಲ. ನಿನ್ನ ನೆಪ ಮಾಡ್ಕೊಂಡು ಬೆಳಗ್ಗೆಯಿಂದ ನಿಂತಿದೀನಿ. ನೀನಾದ್ರೂ ಮೊದಲು ಹೊರಡು."

ಗೊರೊಜಿ ಯಂತ್ರ ಆರಿಸಿದ. ಆ ಮೌನಕ್ಕೆ ಹೆದರಿತೋ ಏನೋ, ಮರಿ ಗೂಡಿನ ಅಂಚಿಗೆ ಬಂದು, ಕಲ್ಲಿನಂತೆ ಕೆಳಗೆ ಬಿದ್ದು, ಪೆಟ್ಟಿಗೆಗೆ ಇನ್ನೇನು ತಾಗಿತು ಅನ್ನುವಷ್ಟರಲ್ಲಿ ಮೇಲೆದ್ದು ಬೀದಿಗೆ ಹಾರಿತು.

ಮಂದಿರದಲ್ಲಿ ಎಲ್ಲವೂ ಅರ್ಧ ಗಂಟೆಯಲ್ಲಿ ಮುಗಿಯಿತು. ಸಮಾಧಿಯ ಕಲ್ಲು ಸರಿಸಿ ಮುಚ್ಚಿದ ಸದ್ದು ಮಾತ್ರ ಕಿಸಾಕುವಿನ ಕಿವಿಯಲ್ಲೇ ಉಳಿಯಿತು.

ಸಂಜೆ ಬಂದು ಷಟರಿಗೆ ಕೈ ಹಾಕಿ, "ಅವಳ ಮಾತು ನಡೆಸಿಕೊಟ್ಟೆ," ಎಂದ. "ನಾಳೆ ಏಳು ಗಂಟೆಗೆ ಮುಂಚೆ ಏಳಲ್ಲ."

ಇನೆ, ಗೊರೊಜಿ ಮುಖಮುಖ ನೋಡಿಕೊಂಡರು. ಅಷ್ಟರಲ್ಲಿ ಎರಡು ದೊಡ್ಡ ಅಂಬರಗುಬ್ಬಿಗಳು ಅವನ ಕಂಕುಳ ಕೆಳಗಿಂದ ಒಳಗೆ ನುಗ್ಗಿದವು. ಒಂದರ ಕೊಕ್ಕಿನಲ್ಲಿ ಹೊಸ ಹುಲ್ಲುಕಡ್ಡಿ.

"ಪ್ರತಿ ವರ್ಷ ಎರಡು ಸಲ ಮೊಟ್ಟೆ ಇಡ್ತಾವೆ," ಎಂದಳು ಇನೆ ಮೆಲ್ಲಗೆ. "ಕೊನೇ ಮರಿ ಹಾರೋದು ಆಗಸ್ಟಿಗೆ. ಇಷ್ಟು ವರ್ಷ ಒಂದೇ ಮನೇಲಿದ್ದು ಗೊತ್ತಾಗ್ಲಿಲ್ವಾ?"

"ಬೇಸಿಗೆಯೆಲ್ಲ ಬೇಗ ಏಳ್ತಿದ್ಲು. ಅಭ್ಯಾಸ ಅಂದ್ಕೊಂಡಿದ್ದೆ."

"ಷಟರ್ ಕರ್ರ್ ಅನ್ನೋದು," ಗೊರೊಜಿ ನಕ್ಕ, "ಹಿಂದೇನೇ ಮಹಡಿಯಿಂದ ನೀವು, 'ಮೆಲ್ಲಗೆ ಎತ್ತೇ, ಸತ್ತ ಹೆಣ ಎದ್ದು ಕೂರತ್ತೆ!' ಅಂತ ಕಿರುಚೋದು. ನಮ್ಮ ಬೀದಿಗೆ ಅದೇ ಅಲಾರಂ." ಹೇಳಿ ಮುಗಿಸಿದ ಮೇಲೆ ನಗು ನಿಲ್ಲಿಸಿದ.

ಮರುದಿನ ನಾಲ್ಕೂವರೆಗೆ ಕಿಸಾಕು ಷಟರನ್ನು ಬೇಕೆಂದೇ ಜೋರಾಗಿ ಎತ್ತಿದ. ಹಕ್ಕಿಗಳು ಹೊರಗೆ ಹಾರಿದವು. ಅವನು ಮಾತ್ರ ಸದ್ದು ಅಡಗಿದ ಮೇಲೂ ಮಹಡಿಯತ್ತ ಕಿವಿಗೊಟ್ಟು ಅಲ್ಲೇ ನಿಂತು ಕಾದ.