ಬೊಳ್ಳನ ಜಲವಿದ್ಯಾಭ್ಯಾಸ

ನೀರಿಗೆ ಬಿದ್ದ ಹಕ್ಕಿಯನ್ನು ಕಚ್ಚಿ ತರಲು ನಾಯಿಗೆ ಕಲಿಸುವುದು ಕಷ್ಟವೇನಲ್ಲ. ಹೊಳೆ ಬೇಕು, ತಾಳ್ಮೆ ಬೇಕು, ಬುದ್ಧಿವಂತ ಗುರು ಬೇಕು. ಹೊಳೆ ಮನೆಯ ಹಿಂದೆಯೇ ಇತ್ತು. ಉಳಿದೆರಡು ನನ್ನಲ್ಲಿವೆಯೆಂದು ನಂಬಿದ್ದೆ.

ಇದು ಬೇಟೆಗೆ ತಡೆಯಿಲ್ಲದ ಐವತ್ತರ ದಶಕದ ಮಾತು. ಮರ್ಕಂಜದ ನಮ್ಮ ಬೇಟೆಕೂಟದಲ್ಲಿ ಕೋವಿಗೊಂದು ಪಾಲು, ಬೇಟೆಯನ್ನು ಕಚ್ಚಿ ತಂದ ನಾಯಿಗೊಂದು ಪಾಲು. ನಾಯಿಪಾಲು ಅದರ ಯಜಮಾನನ ಮನೆಗೆ. ನನ್ನಲ್ಲಿ ಕೋವಿ ಇರಲಿಲ್ಲ. ಬೊಳ್ಳನೆಂಬ ಎಳೆಯ ನಾಯಿ ಇತ್ತು. ಆ ಪಾಲನ್ನು ನಂಬಿ ಭಾನುವಾರ ಭಾವನನ್ನು ಊಟಕ್ಕೂ ಕರೆದುಬಿಟ್ಟೆ.

ಪಾಠಕ್ಕೆ ಸತ್ತ ಹಕ್ಕಿಯನ್ನು ಎಲ್ಲಿಂದ ತರುವುದು? ತೇಲುವ, ಹಗುರಾದ ವಸ್ತು ನನ್ನ ತಲೆಯ ಮೇಲೆಯೇ ಇತ್ತು: ಅಡಿಕೆ ಹಾಳೆಯ ಟೊಪ್ಪಿ, ನಮ್ಮ ಮುಟ್ಟಾಳೆ. ಎಸೆದೆ. ಬೊಳ್ಳ ಈಜಿ, ತಂದು ಪಾದದ ಬಳಿ ಇಟ್ಟ. ದಿನವೂ ಇದೇ ಪಾಠ. ಬಟ್ಟೆ ಒಗೆಯುತ್ತಿದ್ದ ಹೆಂಡತಿ ತಲೆಯೆತ್ತಿ, "ಇವ ಹಕ್ಕಿ ಹಿಡಿಯುದೆಂತ, ಟೊಪ್ಪಿ ಹಿಡೀಲಿಕ್ಕೆ ಕಲಿಯುದಲ್ವಾ?" ಎಂದಳು. ತತ್ತ್ವ ಒಂದೇ ಎಂದು ವಿವರಿಸಿದೆ.

ಭಾನುವಾರ ಬೆಳಿಗ್ಗೆ ಊರ ಪಟೇಲರು ಗುಂಡು ಹಾರಿಸಿದರು. ನೀರುಕೋಳಿ ನಡುಹೊಳೆಗೆ ಬಿತ್ತು. ಬೊಳ್ಳನಿಗೆ ಗಂಭೀರವಾಗಿ ಅಪ್ಪಣೆಯಿತ್ತೆ. ಅವನು ಹೊಳೆಯನ್ನು ನೋಡಿದ. ಅಲ್ಲಿ ಟೊಪ್ಪಿ ಇರಲಿಲ್ಲ. ದಡವನ್ನು ನೋಡಿದ. ಪಟೇಲರು ಕೋವಿಗೆ ಮದ್ದು ತುಂಬಲು ಕುಕ್ಕರಗಾಲಲ್ಲಿ ಕುಳಿತಿದ್ದರು. ಮರುಕ್ಷಣ ಅವರ ತಲೆ ಬರಿದಾಗಿತ್ತು! ಟೊಪ್ಪಿಯನ್ನು ನನ್ನ ಪಾದಕ್ಕೆ ಅರ್ಪಿಸಿ ಬೊಳ್ಳ ಬಾಲ ಅಲ್ಲಾಡಿಸಿದ.

ಅತ್ತ ಹಕ್ಕಿ ತೇಲಿ ಹೋಗುತ್ತಿತ್ತು; ಇತ್ತ ಭಾವ ಊಟಕ್ಕೆ ಹೊರಟಿರುತ್ತಿದ್ದ. ಕೈಯಲ್ಲಿದ್ದ ಟೊಪ್ಪಿಯನ್ನು ಹಕ್ಕಿಯ ಪಕ್ಕಕ್ಕೇ ಎಸೆದರೆ ನಾಯಿಗೆ ಅರ್ಥವಾದೀತು ಎನಿಸಿತು. ಎಸೆದೆ. ಅದು ಪಟೇಲರದ್ದೆಂಬುದು ಆಮೇಲೆ ನೆನಪಾಯಿತು! ಬೊಳ್ಳ ಈಜಿದ. ಅಡ್ಡ ಬಂದ ಹಕ್ಕಿಯನ್ನು ಮೂತಿಯಿಂದ ಪಕ್ಕಕ್ಕೆ ಸರಿಸಿದ. ಟೊಪ್ಪಿಯನ್ನು ಜೋಪಾನವಾಗಿ ತಂದ.

ಕೊನೆಗೆ ಪಂಚೆ ಎತ್ತಿಕಟ್ಟಿ ನಾನೇ ಹಾರಿದೆ. ಸೆಳೆತ ಜೋರಿತ್ತು, ಈಜಲು ಎರಡೂ ಕೈ ಬೇಕಾಯಿತು. ಆದ್ದರಿಂದ ಹಕ್ಕಿಯನ್ನು ಬಾಯಲ್ಲಿ ಕಚ್ಚಿಕೊಂಡೇ ದಡ ಸೇರಿದೆ.

ಬೇಟೆ ಮುಗಿದು ಹಕ್ಕಿಗಳ ಪಾಲಾಗುವಾಗ ನಾನು ಎಲ್ಲರ ಹಿಂದೆ ನಿಂತೆ. ಪಟೇಲರ ಟೊಪ್ಪಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆದರೆ ಅವರು ಕಟ್ಟಳೆ ಮೀರುವವರಲ್ಲ.

"ನಾಯಿಪಾಲು ಇವನಿಗೆ ಕೊಡ್ಲೇಬೇಕು ಮಾರಾಯ್ರೆ," ಎಂದರು. "ಯಜಮಾನ ಅಂತ ಅಲ್ಲ. ಕಚ್ಚಿ ತಂದದ್ದು ಇವನೇ ಅಲ್ವಾ?"

ಸಾರು ಚೆನ್ನಾಗಿತ್ತು. ಭಾವ ಎರಡು ಸಲ ಬಡಿಸಿಕೊಂಡ, ನಾನೂ. ಮುಂದಿನ ಬೇಟೆಗೂ ಪಟೇಲರಿಂದ ಕರೆ ಬಂತು. ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕಿ, ನಾನೊಬ್ಬನೇ ಬಂದರೆ ಸಾಕಂತೆ.